ಮೊದಲ ಕ್ಯಾಮೆರಾಕ್ಕೆ ಕ್ಯಾನನ್ ಆರ್50: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಫೋಟೋಗ್ರಫಿ ಕಲಿಯಲು ಹೊರಟವರು ಕ್ಯಾಮೆರಾ ಹಿಡಿದು ದಿನಕ್ಕೆ ನೂರು ಸಲ ಮಾಡುವ ಕೆಲಸ ಎರಡೇ ಎರಡು. ಫೋಕಸ್ ಎಲ್ಲಿ ಕೂರಬೇಕೆಂದು ಹೇಳುವುದು ಒಂದು. ಚಿತ್ರ ಮಂಕಾಯಿತು ಅಥವಾ ಬಿಳಿಚಿಕೊಂಡಿತು ಅನ್ನಿಸಿದಾಗ ಬೆಳಕನ್ನು ತಿದ್ದುವುದು ಇನ್ನೊಂದು. ಇವೆರಡನ್ನೂ ಕಣ್ಣು ಕದಲಿಸದೆ, ಮೆನುವಿನೊಳಗೆ ಇಳಿಯದೆ ಮಾಡಲು ಬಿಡುವ ಕ್ಯಾಮೆರಾದಲ್ಲಿ ಕಲಿಕೆ ಸಾಗುತ್ತದೆ. ಬಿಡದ ಕ್ಯಾಮೆರಾ ಮೊದಲ ತಿಂಗಳಲ್ಲೇ ಆಟೋ ಮೋಡಿಗೆ ಬಂದು ನಿಲ್ಲುತ್ತದೆ, ಮೂರನೇ ತಿಂಗಳಿಗೆ ಬೀರು ಸೇರುತ್ತದೆ.

ಅಂಗಡಿಯಲ್ಲಿ ಮಾತು ಶುರುವಾಗುವುದು ಮೆಗಾಪಿಕ್ಸೆಲಿನಿಂದ. ಅದನ್ನು ಇಲ್ಲೇ ಮುಗಿಸೋಣ. ಎ3 ಹಾಳೆಯಲ್ಲಿ 300 ಡಿಪಿಐ ಪ್ರಿಂಟ್ ತೆಗೆಯಲು ಬೇಕಾಗುವುದು ಹದಿನೇಳೂವರೆ ಮೆಗಾಪಿಕ್ಸೆಲ್. ಈ ಬರಹದಲ್ಲಿ ಹೊಸದಾಗಿ ಕೊಳ್ಳಲು ಹೇಳಿರುವ ಯಾವ ಕ್ಯಾಮೆರಾದಲ್ಲೂ 20ಕ್ಕಿಂತ ಕಡಿಮೆ ಇಲ್ಲ.

ಆರ್50 ಕೈಗೆ ಬಂದಾಗ

ಕ್ಯಾನನ್ ಇಒಎಸ್ ಆರ್50 ಬಂದದ್ದು 2023ರಲ್ಲಿ. 24.2 ಮೆಗಾಪಿಕ್ಸೆಲಿನ ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರ್, ಲೆನ್ಸ್ ಕೂರಿಸಲು ಆರ್‌ಎಫ್ ಮೌಂಟ್, ಬ್ಯಾಟರಿ ಮತ್ತು ಕಾರ್ಡ್ ಸೇರಿ ತೂಕ 375 ಗ್ರಾಂ. ಜೊತೆಗೆ ಬರುವ 18-45 ಮಿ.ಮೀ. ಕಿಟ್ ಲೆನ್ಸ್ 130 ಗ್ರಾಂ. ಎರಡೂ ಸೇರಿ ಅರ್ಧ ಕಿಲೋ. ಕುತ್ತಿಗೆಗೆ ದಿನವಿಡೀ ನೇತುಹಾಕಿಕೊಂಡರೂ ಭಾರವೆನಿಸದ ತೂಕ ಇದು. ದೊಡ್ಡ ಕೈಯವರಿಗೆ ಮಾತ್ರ ಕಿರುಬೆರಳು ಹಿಡಿಕೆಯ ಕೆಳಗೆ ಜಾರುತ್ತದೆ.

ಇದರ ದೊಡ್ಡ ಗುಣ ಫೋಕಸ್. ಮನುಷ್ಯರ ಕಣ್ಣು, ನಾಯಿ, ಬೆಕ್ಕು, ಹಕ್ಕಿ, ವಾಹನ, ಇಷ್ಟನ್ನು ತಾನೇ ಗುರುತು ಹಿಡಿದು ಬೆನ್ನು ಹತ್ತುತ್ತದೆ. ಆದರೆ ಕಲಿಯುವವರಿಗೆ ಅದಕ್ಕಿಂತ ಮುಖ್ಯವಾದದ್ದು ಟಚ್ ಪರದೆ. ಕಣ್ಣು ವ್ಯೂಫೈಂಡರಿನಲ್ಲಿ ಇಟ್ಟುಕೊಂಡೇ ಬಲಗೈ ಹೆಬ್ಬೆರಳನ್ನು ಪರದೆಯ ಮೇಲೆ ಎಳೆದರೆ ಒಳಗಿನ ಫೋಕಸ್ ಚೌಕ ಬೆರಳಿನ ಹಿಂದೆ ಓಡುತ್ತದೆ. ಮೆನುವಿನಲ್ಲಿ ‘ಟಚ್ ಅಂಡ್ ಡ್ರ್ಯಾಗ್ ಎಎಫ್’ ಎಂಬುದು ಆನ್ ಆಗಿದೆಯೇ ಮೊದಲು ನೋಡಿ. ಆಮೇಲೆ ಸ್ಪರ್ಶಕ್ಕೆ ಸ್ಪಂದಿಸುವ ಜಾಗವನ್ನು ಪರದೆಯ ಬಲ ಅರ್ಧಕ್ಕೆ ಸೀಮಿತಗೊಳಿಸಿ. ಪೂರ್ತಿ ಪರದೆಗೆ ಬಿಟ್ಟರೆ ಬಲಗಣ್ಣಿನಿಂದ ನೋಡುವವರ ಮೂಗು ತಗಲಿ ಚೌಕ ಮೂಲೆಗೆ ಹಾರುತ್ತದೆ. ಆಗ ಫೋಟೋದಲ್ಲಿ ಮದುಮಗಳು ಮಸುಕು, ಹಿಂದಿನ ಬಾಳೆಕಂಬ ನಿಚ್ಚಳ. ಇದನ್ನು ಕ್ಯಾಮೆರಾದ ದೋಷವೆಂದು ಸರ್ವಿಸ್ ಸೆಂಟರಿಗೆ ಹೊತ್ತೊಯ್ಯುವ ಮೊದಲು ಮೂಗನ್ನು ಅನುಮಾನಿಸಿ.

ಇನ್ನು ಬೆಳಕು ತಿದ್ದುವ ಕೆಲಸ. ಇಲ್ಲಿ ಆರ್50 ತುಸು ಜಿಪುಣ. ಇರುವುದು ಒಂದೇ ಡಯಲ್. ಎವಿ ಮೋಡಿನಲ್ಲಿ ಡಯಲ್ ತಿರುಗಿಸಿದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ (ಎಫ್ ಅಂಕಿ ಚಿಕ್ಕದಾದಷ್ಟೂ ಅಗಲ), ಬದಲಾಗುತ್ತದೆ. ಚಿತ್ರವನ್ನು ಬೆಳಗಿಸಲು ಅಥವಾ ಕಪ್ಪಾಗಿಸಲು ಹಿಂಬದಿಯ ಪ್ಲಸ್-ಮೈನಸ್ ಗುಂಡಿ ಒತ್ತಿ ಆಮೇಲೆ ಡಯಲ್ ತಿರುಗಿಸಬೇಕು. ಎರಡನ್ನೂ ನಾವೇ ಇಡುವ ಎಮ್ ಮೋಡಿನಲ್ಲಿ ಶಟರ್ (ಬೆಳಕು ಒಳಗೆ ಬೀಳುವ ಹೊತ್ತು) ಮತ್ತು ಅಪರ್ಚರ್ ನಡುವೆ ಹೀಗೆಯೇ ಓಡಾಡಬೇಕು. ಇದಕ್ಕೊಂದು ಒಳದಾರಿ ಇದೆ. ಆರ್‌ಎಫ್ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದಾಗ ಅದರ ಪಕ್ಕದ ಸಣ್ಣ ಸ್ವಿಚ್ಚನ್ನು ‘ಕಂಟ್ರೋಲ್’ ಕಡೆಗೆ ತಳ್ಳಿ, ಮೆನುವಿನಲ್ಲಿ ಲೆನ್ಸಿನ ತಿರುಗುವ ಬಳೆಗೆ ಅಪರ್ಚರ್ ಕೆಲಸ ಕೊಟ್ಟುಬಿಡಿ. ಎಡಗೈ ಅಪರ್ಚರ್ ತಿರುಗಿಸುತ್ತದೆ, ಬಲಗೈ ಶಟರ್ ತಿರುಗಿಸುತ್ತದೆ. ಎರಡು ಡಯಲಿನ ದುಬಾರಿ ಬಾಡಿ ಕೊಡುವ ಸುಖ ಖರ್ಚಿಲ್ಲದೆ ಸಿಕ್ಕಂತೆ.

ದೋಷಗಳನ್ನೂ ಹೇಳಿಬಿಡಬೇಕು. ಪೂರ್ತಿ ಮೆಕ್ಯಾನಿಕಲ್ ಶಟರ್ ಇದರಲ್ಲಿ ಇಲ್ಲ. ತೆರೆಯುವ ಕೆಲಸ ಎಲೆಕ್ಟ್ರಾನಿಕ್, ಮುಚ್ಚುವುದು ಮಾತ್ರ ಸೆನ್ಸರಿನ ಮುಂದೆ ಬೀಳುವ ನಿಜವಾದ ಪರದೆ. ಸಾಮಾನ್ಯವಾಗಿ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಬಿರುಬಿಸಿಲಿನಲ್ಲಿ ಎಫ್/1.8 ಇಟ್ಟು ಶಟರ್ 1/2000 ಸೆಕೆಂಡ್ ದಾಟಿದರೆ ಹಿನ್ನೆಲೆಯ ಮಸುಕಾದ ಬೆಳಕಿನ ಗುಂಡುಗಳ ಅಂಚು ಕತ್ತರಿಸಿದಂತೆ ಕಾಣತೊಡಗುತ್ತದೆ. ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಬದಲಿಸಿದರೆ ಅದು ಸರಿಹೋಗುತ್ತದೆ, ಬೇರೆ ತಕರಾರು ಹುಟ್ಟುತ್ತದೆ. ಸೆನ್ಸರನ್ನು ಮೇಲಿಂದ ಕೆಳಕ್ಕೆ ಓದಲು ಅದು ಸಮಯ ತೆಗೆದುಕೊಳ್ಳುವುದರಿಂದ ಬೀಸಿದ ಬ್ಯಾಟು ಬಾಗಿದಂತೆ, ಓಡುವ ಬಸ್ಸು ವಾಲಿದಂತೆ ಬರುತ್ತದೆ. ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಕೆಳಗೆ ಚಿತ್ರದ ಅಡ್ಡಕ್ಕೆ ಪಟ್ಟೆ ಬೀಳುತ್ತವೆ. ನಮ್ಮ ಕರೆಂಟು 50 ಹರ್ಟ್ಸಿನದು, ದೀಪ ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಅದಕ್ಕೇ ಕಲ್ಯಾಣಮಂಟಪದೊಳಗೆ ಎಲೆಕ್ಟ್ರಾನಿಕ್ ಶಟರ್ ಬೇಡ, 1/50 ಅಥವಾ 1/100ಕ್ಕೆ ಅಂಟಿಕೊಳ್ಳಿ.

ಫ್ಲ್ಯಾಶ್ ಕೂರಿಸುವ ಜಾಗವೂ ಹೊಸ ಮಾದರಿಯದು. ಮನೆಯಲ್ಲಿ ಹಳೆಯ ಫ್ಲ್ಯಾಶ್ ಇದೆ, ಅದನ್ನೇ ಹಾಕೋಣ ಎಂದುಕೊಂಡಿದ್ದರೆ ಎಡಿ-ಇ1 ಎಂಬ ಅಡಾಪ್ಟರ್ ಪ್ರತ್ಯೇಕ ಕೊಳ್ಳಬೇಕು. ಬಾಡಿಯಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಅದು ಲೆನ್ಸಿನಲ್ಲಿ ಇರಬೇಕು. ಕಿಟ್ ಲೆನ್ಸಿನಲ್ಲಿದೆ, 50 ಎಫ್/1.8ರಲ್ಲಿ ಇಲ್ಲ. ವಿಡಿಯೊ ಮಾತ್ರ ಈ ದರ್ಜೆಗೆ ಮೀರಿದ್ದು. 4ಕೆ 30 ಫ್ರೇಮನ್ನು ಸೆನ್ಸರಿನ ಪೂರ್ತಿ ಅಗಲದಿಂದಲೇ, 6ಕೆ ಓದಿ ಕುಗ್ಗಿಸಿ ಕೊಡುತ್ತದೆ.

ಆಟದ ರಂಗ ಮತ್ತು ಕಿಟ್ ಲೆನ್ಸು

ಕಿಟ್ ಲೆನ್ಸಿನ ಮೇಲೆ ಎಫ್/4.5-6.3 ಎಂದು ಬರೆದಿರುತ್ತದೆ. ಈ ಅಂಕಿ ಅಂಗಡಿಯಲ್ಲಿ ಏನೂ ಹೇಳುವುದಿಲ್ಲ. ಎಲ್ಲ ಹೇಳುವುದು ರಾತ್ರಿ ಹತ್ತರ ಮೇಲೆ, ಯಕ್ಷಗಾನದ ರಂಗದ ಮುಂದೆ ಕೂತಾಗ.

ರಂಗದ ಮೇಲೆ ಬೆಳಕು ಇಷ್ಟಿದೆ ಎಂದಿಟ್ಟುಕೊಳ್ಳಿ: 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8, ಶಟರ್ 1/250, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600 ಇಟ್ಟರೆ ಚಿತ್ರ ಸರಿಯಾಗಿ ಬರುತ್ತದೆ. ಅದೇ ಜಾಗದಲ್ಲಿ ಕಿಟ್ ಲೆನ್ಸನ್ನು 45ಕ್ಕೆ ಎಳೆದರೆ ಅಪರ್ಚರ್ ಎಫ್/6.3ಕ್ಕಿಂತ ಅಗಲ ತೆರೆಯುವುದಿಲ್ಲ. 6.3ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಹನ್ನೆರಡು ಚಿಲ್ಲರೆ. ಅಂದರೆ ಹನ್ನೆರಡು ಪಟ್ಟು ಕಡಿಮೆ ಬೆಳಕು. ಶಟರನ್ನು 1/250ರಲ್ಲೇ ಉಳಿಸಿಕೊಳ್ಳಬೇಕೆಂದರೆ ಐಎಸ್ಒ ಸುಮಾರು 20,000ಕ್ಕೆ ಏರಬೇಕು. ಆರ್50ರ ಮಾಮೂಲಿ ಐಎಸ್ಒ 32,000ದವರೆಗೆ ಹೋಗುತ್ತದೆ ನಿಜ, ಆದರೆ 20,000ದಲ್ಲಿ ಮುಖವರ್ಣಿಕೆಯ ಗೆರೆಗಳು ಕಾಳುಕಾಳಾಗಿ ಕದಡುತ್ತವೆ. ಎಲ್ಲ ಬಣ್ಣ ಮಸಿ ನುಂಗಿತು ಅನ್ನುವುದು ಇದಕ್ಕೇ. ಐಎಸ್ಒ ಇಳಿಸಿ ಶಟರನ್ನು 1/20ಕ್ಕೆ ತಂದರೆ ಬಣ್ಣ ಉಳಿಯುತ್ತದೆ, ವೇಷಧಾರಿಯ ಕೈ ಕರಗಿಹೋಗುತ್ತದೆ. ಲೆನ್ಸಿನ ಅಲುಗಾಟ ತಡೆ ನಿಮ್ಮ ಕೈಯ ನಡುಕವನ್ನು ಹಿಡಿಯುತ್ತದೆಯೇ ಹೊರತು ಅವರ ಕುಣಿತವನ್ನಲ್ಲ.

ಆದ್ದರಿಂದ ಬಜೆಟ್ಟನ್ನೆಲ್ಲ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮೇಲೆ ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ನೂರು ರೂಪಾಯಿ ಇದ್ದರೆ ಬಾಡಿ ಮತ್ತು ಕಿಟ್ ಲೆನ್ಸಿಗೆ ಅರವತ್ತೈದು ಎಪ್ಪತ್ತು, ಎರಡನೇ ಲೆನ್ಸಿಗೆ ಇಪ್ಪತ್ತು ಇಪ್ಪತ್ತೈದು, ಮಿಕ್ಕದ್ದು ಕಾರ್ಡ್ ಮತ್ತು ಇನ್ನೊಂದು ಬ್ಯಾಟರಿಗೆ. ಕಿಟ್ ಲೆನ್ಸು ಬೇಡವೇ ಬೇಡ ಎಂದು ಅರ್ಥವಲ್ಲ. ಹಗಲಿನಲ್ಲಿ, ಹಂಪಿಯ ಕಲ್ಲಿನ ರಥದ ಮುಂದೆ, 18 ಮಿ.ಮೀ. ತುದಿಯಲ್ಲಿ ಎಫ್/8 ಇಟ್ಟರೆ ಅದು ದುಬಾರಿ ಲೆನ್ಸಿಗೆ ತೀರಾ ಹಿಂದೆ ಬೀಳುವುದಿಲ್ಲ. ಒಂದು ಸಣ್ಣ ವಿಷಯ: ಇದು ಮಡಚಿಕೊಳ್ಳುವ ಲೆನ್ಸ್. ತಿರುಗಿಸಿ ಹೊರಗೆ ಎಳೆಯದಿದ್ದರೆ ಕ್ಯಾಮೆರಾ ಫೋಟೋ ತೆಗೆಯದೆ ಸೂಚನೆ ತೋರಿಸಿ ಕೂರುತ್ತದೆ. ಮೊದಲ ದಿನ ಗಾಬರಿಯಾಗುವವರು ಬಹಳ.

ಎರಡನೇ ಲೆನ್ಸು ಯಾವುದು?

ಎಲ್ಲರೂ ಕಣ್ಣು ಮುಚ್ಚಿ 50 ಎಫ್/1.8 ಎನ್ನುತ್ತಾರೆ. ಸ್ವಲ್ಪ ತಾಳಿ, ಮನೆಯ ಕೋಣೆ ಅಳೆಯೋಣ. ಕ್ಯಾನನ್ ಎಪಿಎಸ್-ಸಿ ಸೆನ್ಸರ್ 22.3 ಮಿ.ಮೀ. ಅಗಲ. ಹತ್ತು ಅಡಿ ದೂರದಿಂದ 50 ಮಿ.ಮೀ. ಲೆನ್ಸಿಗೆ ಕಾಣುವುದು ನಾಲ್ಕೂವರೆ ಅಡಿಗಿಂತ ಸ್ವಲ್ಪ ಕಡಿಮೆ ಅಗಲ, ಮೂರು ಅಡಿ ಎತ್ತರ. ಹತ್ತಡಿ ಕೋಣೆಯಲ್ಲಿ ಬೆನ್ನನ್ನು ಗೋಡೆಗೆ ಆನಿಸಿ ನಿಂತರೂ ಒಬ್ಬರ ಅರ್ಧ ಮೈ. ತೊಟ್ಟಿಲು, ತೂಗುವ ಅಜ್ಜಿ, ಪಕ್ಕದಲ್ಲಿ ನಿಂತ ಮೊಮ್ಮಗ ಮೂವರೂ ಒಂದೇ ಚೌಕಟ್ಟಿಗೆ ಬರುವುದಿಲ್ಲ. ಅದೇ ಜಾಗದಿಂದ 28 ಮಿ.ಮೀ. ಹಾಕಿದರೆ ಸುಮಾರು ಎಂಟು ಅಡಿ ಅಗಲ ಸಿಗುತ್ತದೆ.

ಹೀಗಾಗಿ ರಂಗ, ವೇದಿಕೆ, ಒಬ್ಬರ ಭಾವಚಿತ್ರ ಮುಖ್ಯವೆನ್ನುವವರು ಆರ್‌ಎಫ್ 50 ಎಫ್/1.8 ತೆಗೆದುಕೊಳ್ಳಲಿ, 160 ಗ್ರಾಂ, 30 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಆಗುತ್ತದೆ. ಮನೆ, ಮಕ್ಕಳು, ಬೀದಿ ಎನ್ನುವವರು 28 ಎಫ್/2.8 ಅಥವಾ ಸಿಗ್ಮಾದ 30 ಎಫ್/1.4 ನೋಡಲಿ. ಮೊದಲನೆಯದು 120 ಗ್ರಾಮಿನ ಚಪ್ಪಟೆ ಲೆನ್ಸ್, ಜೇಬಿಗೆ ಹೋಗುತ್ತದೆ. ಎರಡನೆಯದು ಅದರ ನಾಲ್ಕು ಪಟ್ಟು ಬೆಳಕು ಬಿಡುತ್ತದೆ, ದಪ್ಪ.

ಸಿಗ್ಮಾದ ಹೆಸರು ಇಲ್ಲಿ ಬರುತ್ತಿರುವುದೇ ಒಂದು ಬದಲಾವಣೆ. 2018ರಲ್ಲಿ ಆರ್‌ಎಫ್ ಮೌಂಟ್ ಬಂದ ಮೇಲೆ ಹಲವು ವರ್ಷ ಕ್ಯಾನನ್ ಬೇರೆ ಕಂಪನಿಗಳ ಆಟೋಫೋಕಸ್ ಲೆನ್ಸುಗಳಿಗೆ ಬಾಗಿಲು ಮುಚ್ಚಿಕೊಂಡಿತ್ತು. 2022ರಲ್ಲಿ ವಿಲ್ಟ್ರಾಕ್ಸ್ ತನ್ನ ಆರ್‌ಎಫ್ ಲೆನ್ಸುಗಳ ಮಾರಾಟ ನಿಲ್ಲಿಸಬೇಕಾಯಿತು. 2024ರಿಂದ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ಎಪಿಎಸ್-ಸಿ ಲೆನ್ಸುಗಳು ಅಧಿಕೃತವಾಗಿ ಬರತೊಡಗಿದವು. ಸಿಗ್ಮಾ 18-50 ಎಫ್/2.8 ಇದ್ದರೆ ಕಿಟ್ ಲೆನ್ಸನ್ನು ಮರೆತೇಬಿಡಬಹುದು. ಹಳೆಯ ವಿಮರ್ಶೆಗಳಲ್ಲಿ ‘ಆರ್50ಕ್ಕೆ ಲೆನ್ಸೇ ಇಲ್ಲ’ ಎಂಬ ಮಾತು ಓದಿದ್ದರೆ ಅದರ ತಾರೀಕು ನೋಡಿ.

ಅಗ್ಗದ ಇನ್ನೊಂದು ದಾರಿ ಅಡಾಪ್ಟರ್. ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ 1987ರಿಂದ ಬಂದಿರುವ ಕ್ಯಾನನ್ ಇಎಫ್ ಲೆನ್ಸುಗಳು ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬೇಕಾದದ್ದು ಇಎಫ್-ಎಸ್ 55-250 ಐಎಸ್ ಎಸ್‌ಟಿಎಮ್. ‘ಎಸ್‌ಟಿಎಮ್’ ಎಂಬ ಅಕ್ಷರ ಇರಲೇಬೇಕು. ಅದಿಲ್ಲದ ಹಳೆಯ 55-250ಗಳ ಮೋಟಾರು ನಿಧಾನ, ಸದ್ದೂ ಜಾಸ್ತಿ. ಇದರ ಬದಲು ಹೊಸ ಆರ್‌ಎಫ್-ಎಸ್ 55-210 ಕೊಂಡರೆ ಹಗುರ ನಿಜ, ಆದರೆ ಉದ್ದದ ತುದಿಯಲ್ಲಿ ಎಫ್/7.1. ಸಂಜೆಯ ಹೊತ್ತಿಗೆ ಕೈಚೆಲ್ಲುತ್ತದೆ.

ಹಕ್ಕಿಗಾಗಿಯೇ ಕ್ಯಾಮೆರಾ ಕೊಳ್ಳುತ್ತಿದ್ದೇನೆ ಎನ್ನುವವರು ಕೊಂಚ ಲೆಕ್ಕ ಹಾಕಲಿ. ರಂಗನತಿಟ್ಟಿನ ದೋಣಿಯಿಂದ ಇಪ್ಪತ್ತು ಮೀಟರ್ ದೂರದಲ್ಲಿ ಬಣ್ಣದ ಕೊಕ್ಕರೆ ನಿಂತಿದೆ. 250 ಮಿ.ಮೀ.ನಲ್ಲಿ ಚೌಕಟ್ಟಿನ ಎತ್ತರ ಸುಮಾರು 1.2 ಮೀಟರ್, ಹಕ್ಕಿಯ ಎತ್ತರ ಹತ್ತಿರ ಹತ್ತಿರ ಒಂದು ಮೀಟರ್. ತುಂಬಿ ಬರುತ್ತದೆ. ಅದೇ ದೂರದಲ್ಲಿ ಕೊಂಬೆಯ ಮೇಲೆ ಹದಿನಾರು ಸೆಂ.ಮೀ.ನ ಸಣ್ಣ ಮಿಂಚುಳ್ಳಿ ಕೂತಿದ್ದರೆ ಚೌಕಟ್ಟಿನ ಏಳನೇ ಒಂದು ಭಾಗ. ಅಂಥವರಿಗೆ ಆರ್‌ಎಫ್ 100-400 ಬೇಕು. 635 ಗ್ರಾಂ, ಆ ಉದ್ದಕ್ಕೆ ಹಗುರವೇ. ತುದಿಯಲ್ಲಿ ಎಫ್/8 ಆದ್ದರಿಂದ ಬೆಳಗಿನ ಏಳೂವರೆಗೆ ಮೊದಲು ಹೆಚ್ಚು ಆಸೆ ಬೇಡ.

ಆರ್100ರ ಉಳಿತಾಯ

ಕ್ಯಾನನ್ನಿನದೇ ಆರ್100 ಇನ್ನೂ ಅಗ್ಗ. ಸೆನ್ಸರ್ 24.1 ಮೆಗಾಪಿಕ್ಸೆಲ್, ಮೌಂಟ್ ಅದೇ, ಕಿಟ್ ಲೆನ್ಸೂ ಅದೇ. ಬಿಸಿಲಿನಲ್ಲಿ ತೆಗೆದ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದೆಂದು ಹೇಳುವುದು ಕಷ್ಟ. ಆದರೂ ಇದು ಬೇಡ ಎನ್ನಲು ಕಾರಣ ಪರದೆ. ಪರದೆ ಮಡಚುವುದಿಲ್ಲ, ತಿರುಗುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಇದನ್ನು ಕೈಗೆತ್ತಿಕೊಂಡು ಮಾಡುವ ಮೊದಲ ಕೆಲಸ ಪರದೆಯ ಮೇಲೆ ಬೆರಳು ಒತ್ತುವುದು. ಏನೂ ಆಗುವುದಿಲ್ಲ. ಫೋಕಸ್ ಚೌಕ ಸರಿಸಬೇಕೆಂದರೆ ಗುಂಡಿ ಒತ್ತಿ, ಬಾಣದ ಕೀಲಿಗಳಲ್ಲಿ ಟಿಕ್ ಟಿಕ್ ಎಂದು ಒಂದೊಂದೇ ಹೆಜ್ಜೆ. ಚೌಕ ಎಡ ಮೂಲೆ ಮುಟ್ಟುವಷ್ಟರಲ್ಲಿ ಮಗು ಎದ್ದು ಹೋಗಿರುತ್ತದೆ.

ಮನುಷ್ಯರ ಮುಖ, ಕಣ್ಣು ಗುರುತಿಸುತ್ತದೆ, ಪ್ರಾಣಿ ಪಕ್ಷಿ ಇಲ್ಲ. ಮಾಮೂಲಿ ಐಎಸ್ಒ 12,800ಕ್ಕೆ ನಿಲ್ಲುತ್ತದೆ. ಮೇಲಿನ ಯಕ್ಷಗಾನದ ಲೆಕ್ಕದಲ್ಲಿ ಕಿಟ್ ಲೆನ್ಸಿಗೆ 20,000 ಬೇಕಿತ್ತು, ನೆನಪಿದೆಯಲ್ಲ. 4ಕೆ ವಿಡಿಯೊ ತೆಗೆದರೆ ಚಿತ್ರ ಕತ್ತರಿಸಿ ಬಿಗಿಯಾಗುತ್ತದೆ, ಫೋಕಸ್ ತಡಕಾಡುತ್ತದೆ. ಯುಎಸ್‌ಬಿ-ಸಿ ತೂತು ಇದೆ, ಅದರಿಂದ ಚಾರ್ಜ್ ಆಗುವುದಿಲ್ಲ. ಬ್ಯಾಟರಿ ಬಿಚ್ಚಿ ಚಾರ್ಜರಿಗೇ ಹಾಕಬೇಕು.

ಯಾರಿಗೆ ಸರಿ ಅಂದರೆ, ಟ್ರೈಪಾಡಿನ ಮೇಲಿಟ್ಟು ಒಡವೆ, ಸೀರೆ, ತಿಂಡಿ ಪೊಟ್ಟಣದ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕುವ ಸಣ್ಣ ವ್ಯಾಪಾರಸ್ಥರಿಗೆ. ಕದಲದ ವಸ್ತು, ಬೇಕಾದಷ್ಟು ಬೆಳಕು, ಆತುರವಿಲ್ಲ. ಅಲ್ಲಿ ಉಳಿದ ಹಣವನ್ನು ಒಂದು ಒಳ್ಳೆಯ ದೀಪಕ್ಕೆ ಹಾಕಬಹುದು.

ನಿಕಾನ್ ಪಾಳಯ

ನಿಕಾನ್ ಝಡ್30, 2022ರದು, 20.9 ಮೆಗಾಪಿಕ್ಸೆಲ್. ಎರಡು ಡಯಲ್, ಹಿಡಿಕೆ ಆಳ, ಪರದೆ ಪಕ್ಕಕ್ಕೆ ತೆರೆದು ತಿರುಗುತ್ತದೆ, ಮುಟ್ಟಿದಲ್ಲಿ ಫೋಕಸ್. ನಮ್ಮ ಎರಡು ಪರೀಕ್ಷೆಯಲ್ಲಿ ಬೆಳಕು ತಿದ್ದುವ ಕೆಲಸದಲ್ಲಿ ಇದು ಆರ್50ಗಿಂತ ಮುಂದೆ. 16-50 ಕಿಟ್ ಲೆನ್ಸಿನ ಅಗಲದ ತುದಿ ಫುಲ್ ಫ್ರೇಮಿನ (ಹಳೆಯ ಫಿಲ್ಮ್ ಗಾತ್ರದ ಸೆನ್ಸರ್) 24 ಮಿ.ಮೀ.ಗೆ ಸಮ. ಕ್ಯಾನನ್ನಿನದು 29ಕ್ಕೆ ಸಮ. ಮನೆಯೊಳಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇದರಲ್ಲಿ ವ್ಯೂಫೈಂಡರ್ ಇಲ್ಲ. ಇದು ಸಣ್ಣ ಮಾತಲ್ಲ. ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕನ್ನಡಿಯಾಗಿ ನಿಮ್ಮ ಮುಖವನ್ನೇ ತೋರಿಸುತ್ತದೆ. 50-250 ಹಾಕಿದಾಗ ಕ್ಯಾಮೆರಾವನ್ನು ಮುಖಕ್ಕೆ ಒತ್ತಿ ಹಿಡಿಯುವ ಮೂರನೇ ಆಸರೆ ಇಲ್ಲದೆ, ಎರಡು ಕೈ ಚಾಚಿ ಹಿಡಿಯಬೇಕು, ಹಕ್ಕಿ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. ಫ್ಲ್ಯಾಶೂ ಇಲ್ಲ. ಕೂತು ಮಾತಾಡುವ ವಿಡಿಯೊ, ಅಡುಗೆ ವಿಡಿಯೊ ಮುಖ್ಯ, ಫೋಟೋ ಆಮೇಲೆ ಎನ್ನುವವರು ಧಾರಾಳವಾಗಿ ಕೊಳ್ಳಬಹುದು.

ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 2024ರ ಕೊನೆಯಲ್ಲಿ ಬಂದ ಝಡ್50 ಮಾರ್ಕ್ 2 ಇದೆ. ಎರಡು ಡಯಲ್, ಬೆಳಕು ಚೆಲ್ಲುವ ವ್ಯೂಫೈಂಡರ್, ಪುಟ್ಟ ಫ್ಲ್ಯಾಶ್, ಹಕ್ಕಿ ಗುರುತಿಸುವ ಫೋಕಸ್, ಟಚ್ ಪರದೆ ಎಲ್ಲವೂ. ತೂಕ 550 ಗ್ರಾಂ. ನಮ್ಮ ಅಳತೆಗೋಲಿನಲ್ಲಿ ಎರಡೂ ಕೆಲಸಕ್ಕೆ ಪೂರ್ತಿ ಅಂಕ ಇದಕ್ಕೇ. ಆದರೆ ಇದನ್ನು ಕೊಂಡು ಎರಡನೇ ಲೆನ್ಸಿಗೆ ದುಡ್ಡು ಉಳಿಯದಿದ್ದರೆ, ಆರ್50 ಮತ್ತು ಒಂದು ಎಫ್/1.8 ಲೆನ್ಸೇ ಲೇಸು. ಉಳಿಯುತ್ತದೆ ಎಂದರೆ ನಿಕಾನ್ ಝಡ್ ಡಿಎಕ್ಸ್ 24 ಎಫ್/1.7 ಜೊತೆಗೆ ತೆಗೆದುಕೊಳ್ಳಿ. 135 ಗ್ರಾಂ. ಹತ್ತಡಿ ಕೋಣೆಯ ಸಮಸ್ಯೆ ಅಲ್ಲಿಗೆ ಮುಗಿಯಿತು.

ಸೋನಿ ಬಗ್ಗೆ ಎರಡು ಮಾತು. 2010ರಿಂದ ಇರುವ ಇ ಮೌಂಟಿಗೆ ಬೇರೆ ಕಂಪನಿಗಳ ಲೆನ್ಸ್ ರಾಶಿ ರಾಶಿ. ಎ6400 ಇವತ್ತಿಗೂ ಫೋಕಸ್ಸಿನಲ್ಲಿ ಚುರುಕು, ಆದರೆ ಮೆನುವಿನಲ್ಲಿ ಟಚ್ ಕೆಲಸ ಮಾಡುವುದಿಲ್ಲ, ಎನ್‌ಪಿ-ಎಫ್‌ಡಬ್ಲ್ಯು50 ಬ್ಯಾಟರಿ ಚಿಕ್ಕದು. ಝಡ್‌ವಿ-ಇ10ಕ್ಕೆ ಝಡ್30ರ ಮಾತೇ ಅನ್ವಯ: ವ್ಯೂಫೈಂಡರ್ ಇಲ್ಲ.

ಬೇಡವೇ ಬೇಡ ಎನ್ನಬೇಕಾದ್ದು ಒಂದಿದೆ. ಕ್ಯಾನನ್ ಎಮ್50 ಮತ್ತದರ ಮಾರ್ಕ್ 2 ಸೆಕೆಂಡ್ ಹ್ಯಾಂಡಿನಲ್ಲಿ ಕಣ್ಣು ಕುಕ್ಕುವ ಬೆಲೆಗೆ ಸಿಗುತ್ತವೆ. ಕ್ಯಾಮೆರಾ ಕೆಟ್ಟದ್ದಲ್ಲ. ಆದರೆ ಇಎಫ್-ಎಮ್ ಮೌಂಟನ್ನು ಕ್ಯಾನನ್ ಕೈಬಿಟ್ಟಿದೆ. ಅದಕ್ಕೆ ಕೊಂಡ ಲೆನ್ಸುಗಳು ಯಾವ ಅಡಾಪ್ಟರಿನಿಂದಲೂ ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಮುಂದೆ ಬಾಡಿ ಬದಲಿಸಿದ ದಿನ ಲೆನ್ಸುಗಳನ್ನೂ ಮಾರಬೇಕು.

ಅಂಗಡಿಯಲ್ಲಿ ಹತ್ತು ನಿಮಿಷ

ನಿಮ್ಮದೇ ಎಸ್‌ಡಿ ಕಾರ್ಡ್ ಒಯ್ಯಿರಿ. ಡೆಮೊ ಕ್ಯಾಮೆರಾದಲ್ಲಿ ಕಾರ್ಡ್ ಹಾಕಿ ಎವಿ ಮೋಡಿಗೆ ತಂದು, ಮಾರುವವರ ನೆರವು ಕೇಳದೆ ಮೂರು ಕೆಲಸ ಮಾಡಿ: ಫೋಕಸ್ ಚೌಕವನ್ನು ಎಡ ಮೇಲ್ಮೂಲೆಗೆ ಒಯ್ಯುವುದು, ಚಿತ್ರವನ್ನು ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಕಪ್ಪಾಗಿಸುವುದು, ಜೊತೆಗೆ ಬಂದವರು ನಿಮ್ಮತ್ತ ನಡೆದು ಬರುವಾಗ ಸತತವಾಗಿ ಹತ್ತು ಚಿತ್ರ ತೆಗೆಯುವುದು. ಒಂದು ನಿಮಿಷದೊಳಗೆ ಮೊದಲೆರಡು ಕೈಗೆ ಹತ್ತಿದರೆ ಆ ಕ್ಯಾಮೆರಾ ನಿಮಗೆ ಒಗ್ಗುತ್ತದೆ. ಮೂರನೆಯದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ಹತ್ತರಲ್ಲಿ ಏಳಾದರೂ ಕಣ್ಣುರೆಪ್ಪೆ ಚುರುಕಾಗಿರಬೇಕು.

ಬಿಲ್ಲಿನಲ್ಲಿ ಜಿಎಸ್‌ಟಿ 18 ಪರ್ಸೆಂಟ್, ಬಾಡಿ ಮತ್ತು ಲೆನ್ಸ್ ಎರಡರದೂ ಸೀರಿಯಲ್ ನಂಬರ್ ಇರಬೇಕು. ‘ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡಿಕೊಡ್ತೀನಿ ಸಾರ್’ ಎಂದರೆ ಅದು ಬಹುಮಟ್ಟಿಗೆ ಗ್ರೇ ಮಾರ್ಕೆಟ್ (ಅಧಿಕೃತ ದಾರಿ ಬಿಟ್ಟು ತಂದ) ಮಾಲು, ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿ ಕೊಡುವುದಿಲ್ಲ. ಕಾಂಬೊ ಆಫರಿನ ಟ್ರೈಪಾಡ್, ಯುವಿ ಫಿಲ್ಟರ್, ಬ್ಯಾಗು ಬಿಟ್ಟುಬಿಡಿ, ಅದರ ಬದಲು ಬೆಲೆ ಇಳಿಸಿ ಎನ್ನಿ. ಅಗ್ಗದ ಯುವಿ ಫಿಲ್ಟರ್ ಹಾಕಿ ದೀಪಾವಳಿಯ ಹಣತೆ ತೆಗೆದರೆ ಪ್ರತಿ ದೀಪಕ್ಕೂ ಒಂದು ಹಸಿರು ಭೂತ ಎದುರು ಮೂಲೆಯಲ್ಲಿ ತೇಲುತ್ತದೆ.

ಕಾರ್ಡು 64 ಜಿಬಿ, ಯುಎಚ್‌ಎಸ್-1, ವಿ30 ಗುರುತಿನದು ಸಾಕು. 24 ಮೆಗಾಪಿಕ್ಸೆಲಿನ ರಾ (ಕ್ಯಾಮೆರಾ ತಿದ್ದದ ಮೂಲ) ಫೈಲು 25ರಿಂದ 30 ಎಂಬಿ, ಅಂದರೆ ಎರಡು ಸಾವಿರ ಚಿತ್ರ. ನಕಲಿ ಕಾರ್ಡ್ ಹೆಚ್ಚು. ಹೊರಗೆ 64 ಎಂದು ಬರೆದು ಒಳಗೆ 8 ಇಟ್ಟಿರುತ್ತಾರೆ. ಮೊದಲ ಮುನ್ನೂರು ಚಿತ್ರ ಸರಿಯಿದ್ದು ಆಮೇಲಿನವು ತೆರೆಯುವುದೇ ಇಲ್ಲ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಮಲೆನಾಡು, ಕರಾವಳಿಯವರು ಇನ್ನೊಂದು ಖರ್ಚು ಸೇರಿಸಿಕೊಳ್ಳಿ. ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹತ್ತುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಇನ್ನೂ ಬೇಗ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತೇವ ತೋರಿಸುವ ಪುಟ್ಟ ಮೀಟರ್, ಕಾಲು ಕಿಲೋ ಸಿಲಿಕಾ ಜೆಲ್ ಸಾಕು. ಮೀಟರಿನ ಮುಳ್ಳು 40ರಿಂದ 50ರ ನಡುವೆ ಇರಬೇಕು. ನೀಲಿ ಹರಳು ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿ. ನೀಲಿ ಬಣ್ಣ ಕೋಬಾಲ್ಟಿನದು, ಆದ್ದರಿಂದ ಅಡುಗೆಗೆ ಬಳಸುವ ಬಾಣಲೆ ಮುಟ್ಟಬೇಡಿ.

ಬಜೆಟ್ಟು ಇನ್ನೂ ಕಡಿಮೆಯಾದರೆ

ಆಗ ಹೊಸ ಆರ್100ಗಿಂತ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ಮತ್ತು ಎಎಫ್-ಎಸ್ ಡಿಎಕ್ಸ್ 35 ಎಫ್/1.8ಜಿ ಜೋಡಿ ಮೇಲು. 2018ರ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿರುವ ಹಳೆಯ ಬಗೆ, ಈಗ ತಯಾರಾಗುವುದಿಲ್ಲ. 24.2 ಮೆಗಾಪಿಕ್ಸೆಲ್, ಒಂದು ಚಾರ್ಜಿಗೆ 1,550 ಚಿತ್ರ ಎಂಬುದು ಕಂಪನಿಯ ಅಳತೆ. ಇದಕ್ಕೂ ಟಚ್ ಇಲ್ಲ, ಫೋಕಸ್ ಚೌಕಗಳು ಹನ್ನೊಂದೇ. ಆದರೆ ಹನ್ನೊಂದೇ ಇರುವುದರಿಂದ ಎರಡು ಮೂರು ಒತ್ತಿಗೆ ಬೇಕಾದ ಕಡೆ ತಲುಪಬಹುದು. ಆರ್100ರಲ್ಲಿ ಇಲ್ಲದ ಅನುಕೂಲ ಇದು. ವಿಡಿಯೊದ ಆಸೆ ಬಿಟ್ಟುಬಿಡಿ, ಮೈಕ್ ಚುಚ್ಚುವ ಜಾಗವೂ ಇಲ್ಲ.

ಲೆನ್ಸ್ ಕೊಳ್ಳುವಾಗ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದಿರಬೇಕು. ಈ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಬರೀ ‘ಎಎಫ್’ ಎಂದು ಬರೆದ ಹಳೆಯ 50 ಎಫ್/1.8ಡಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಿಂದಲೇ ತಿರುಗಿಸುತ್ತಾ ಕೂರಬೇಕು. ಕ್ಯಾನನ್ 1500ಡಿ, 3000ಡಿ ಹುಡುಕುವವರಿಗೊಂದು ಎಚ್ಚರಿಕೆ: ಇವುಗಳ ಫ್ಲ್ಯಾಶ್ ಕಟ್ಟಿನ ನಡುವಿನ ಪಿನ್ನನ್ನು ಕ್ಯಾನನ್ ತೆಗೆದುಹಾಕಿದೆ, ಅಗ್ಗದ ಮ್ಯಾನುಯಲ್ ಫ್ಲ್ಯಾಶ್ ಮತ್ತು ಟ್ರಿಗರ್ ಬೆಳಗುವುದಿಲ್ಲ. 3000ಡಿಯ ಲೆನ್ಸ್ ಮೌಂಟಂತೂ ಪ್ಲಾಸ್ಟಿಕ್, ಸೆನ್ಸರೂ 18 ಮೆಗಾಪಿಕ್ಸೆಲ್.

ನೋಡಲು ಹೋದಾಗ ಮೊದಲು ಒಂದು ಜೆಪಿಇಜಿ ತೆಗೆದುಕೊಂಡು ಬನ್ನಿ. ನಿಕಾನಿನಲ್ಲಿ ಶಟರ್ ಎಷ್ಟು ಸಲ ಬಿದ್ದಿದೆ ಎಂಬುದು ಆ ಫೈಲಿನಲ್ಲೇ ಬರೆದಿರುತ್ತದೆ, ಎಕ್ಸಿಫ್ (ಫೋಟೋ ಫೈಲಿನೊಳಗಿನ ಮಾಹಿತಿ) ಪೂರ್ತಿ ತೋರಿಸುವ ತಂತ್ರಾಂಶದಲ್ಲಿ ಓದಬಹುದು. ಈ ದರ್ಜೆಯ ಶಟರಿಗೆ ಆಯುಷ್ಯ ಸುಮಾರು 1 ಲಕ್ಷ ಎಂದು ಲೆಕ್ಕ. ಮೂವತ್ತು ಸಾವಿರದೊಳಗಿದ್ದರೆ ಚಿಂತೆಯಿಲ್ಲ, ಎಂಬತ್ತು ದಾಟಿದ್ದರೆ ಮದುವೆ ಫೋಟೋಕ್ಕೆ ದುಡಿದು ಬಂದದ್ದು. ಆಮೇಲೆ ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರವನ್ನು ಫೋಕಸ್ ತಪ್ಪಿಸಿ ತೆಗೆಯಿರಿ. ಸೆನ್ಸರಿನ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಒಂದೆರಡು ಚುಕ್ಕೆ ಬ್ಲೋವರಿನಲ್ಲಿ ಹೋಗುತ್ತವೆ. ಬಾಯಿಂದ ಊದಬೇಡಿ, ಎಂಜಲು ಹಾರಿ ಕಲೆಯಾದರೆ ಅದನ್ನು ತೆಗೆಯಲು ಸರ್ವಿಸ್ಸೇ ಗತಿ.

ಲೆನ್ಸನ್ನು ಬಿಚ್ಚಿ ಮೊಬೈಲ್ ಟಾರ್ಚನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ನಿಕಾನ್ ಜಿ ಲೆನ್ಸ್ ಬಿಚ್ಚಿದೊಡನೆ ಅಪರ್ಚರ್ ಮುಚ್ಚಿಕೊಳ್ಳುತ್ತದೆ, ಹಾಗೇ ನೋಡಿದರೆ ನಡುವಿನ ಸಣ್ಣ ಕಿಂಡಿಯಷ್ಟೇ ಕಾಣುವುದು. ಹಿಂಬದಿಯ ಪುಟ್ಟ ಲೋಹದ ಕಡ್ಡಿಯನ್ನು ಬೆರಳಿನಿಂದ ಸರಿಸಿ ಹಿಡಿದರೆ ಪೂರ್ತಿ ತೆರೆಯುತ್ತದೆ. ಎಲೆಗಳು ತಟ್ಟನೆ ತೆರೆದು ತಟ್ಟನೆ ಮುಚ್ಚಬೇಕು, ತಡವರಿಸಿದರೆ ಒಳಗೆ ಎಣ್ಣೆ ಇಳಿದಿದೆ. ಧೂಳಿನ ಕಣಗಳಿಗೆ ಹೆದರಬೇಡಿ. ಜೇಡರ ಬಲೆಯಂತೆ, ಬೇರು ಬಿಟ್ಟಂತೆ ಕವಲೊಡೆದ ಬಿಳಿ ಎಳೆ ಕಂಡರೆ ಅದೇ ಬೂಸ್ಟು. ಬೆಲೆ ಎಷ್ಟೇ ಇಳಿಸಿದರೂ ಬೇಡ.

ಕೊನೆಯದು ಫೋಕಸ್ ಪರೀಕ್ಷೆ. ಮೇಜಿನ ಮೇಲೆ ಒಂದು ದಿನಪತ್ರಿಕೆ ಹಾಸಿ, 45 ಡಿಗ್ರಿ ಓರೆಯಿಂದ ಒಂದೂವರೆ ಅಡಿ ದೂರದಲ್ಲಿ ಕ್ಯಾಮೆರಾ ಹಿಡಿದು, ನಡುವಿನ ಚೌಕವನ್ನು ಒಂದು ದಪ್ಪಕ್ಷರದ ಶೀರ್ಷಿಕೆಯ ಮೇಲಿಟ್ಟು ಎಫ್/1.8ರಲ್ಲಿ ವ್ಯೂಫೈಂಡರ್ ಮೂಲಕವೇ ಐದು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಬಿಟ್ಟು ಹೊಸದಾಗಿ ಹಿಡಿಸಿ. ಐದರಲ್ಲೂ ಶೀರ್ಷಿಕೆಯೇ ಚುರುಕಾಗಿದ್ದರೆ ಸರಿ. ಐದರಲ್ಲೂ ಅದರ ಹಿಂದಿನ ಸಾಲೋ ಮುಂದಿನ ಸಾಲೋ ಚುರುಕಾಗಿ ಬಂದರೆ ಬಾಡಿಗೂ ಲೆನ್ಸಿಗೂ ಹೊಂದಾಣಿಕೆ ತಪ್ಪಿದೆ. ಇದನ್ನು ತಿದ್ದುವ ಮೆನು ಡಿ3500ರಲ್ಲಿ ಇಲ್ಲ. ಸೆನ್ಸರಿನಲ್ಲೇ ಫೋಕಸ್ ಅಳೆಯುವ ಆರ್50, ಝಡ್30ಗಳಲ್ಲಿ ಈ ತೊಂದರೆಯೇ ಹುಟ್ಟುವುದಿಲ್ಲ. ಡಿ3500 ಆದರೆ ಅದೇ ಬಾಡಿಗೆ ಇನ್ನೊಂದು 35 ಹಾಕಿ ಮತ್ತೆ ಐದು ಚಿತ್ರ ತೆಗೆಯಿರಿ. ಆಗ ಸರಿಬಂದರೆ ಮೊದಲ ಲೆನ್ಸನ್ನು ಅಲ್ಲೇ ಬಿಡಿ. ಆಗಲೂ ತಪ್ಪಿದರೆ ಬಾಡಿಯನ್ನೂ.